ಪರದೆಯ ಪಕ್ಕದ ಮೂವತ್ತು ಆಡುಗಳು

ಇಲ್ಲಿ ಸೇರಿರುವ ಹಿರಿಯರೇ, ನಮ್ಮ ನಾಟಕ ತಂಡದ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಹಿಂಡಣ್ಣನ ಮನೆಯ ಅತ್ತಿಗೆ, ಪುಟ್ಟಿ — ಎಲ್ಲರಿಗೂ ನಮಸ್ಕಾರ. ನನಗೂ ಕುರ್ಚಿ ಕೊಟ್ಟಿದ್ದರು, ಕೂರೋಕೆ ಆಗಲಿಲ್ಲ. ನಿಂತೇ ಮಾತಾಡ್ತೇನೆ. ಸಹಿಸಿಕೊಳ್ಳಿ.

ನಮ್ಮ ನಾಟಕ ನಿಮಗೆ ಗೊತ್ತು. ಮಾವನ ಮಾತು ಕೇಳದೆ, ಇದ್ದ ಕೆಲಸ ಬಿಟ್ಟು, ಮೂವತ್ತು ಆಡು ಸಾಕೋಕೆ ಹೊರಟು ಕೈಸುಟ್ಟುಕೊಳ್ಳುವ ಹುಡುಗನ ಕಥೆ. ಈ ವಯಸ್ಸಿನಲ್ಲೂ ಆ ಹುಡುಗ ನಾನೇ — ನಗಬಹುದು, ಪರವಾಗಿಲ್ಲ. ಆದರೆ ರಂಗದ ಮೇಲೆ ಒಂದು ಆಡೂ ಇರಲಿಲ್ಲ. ಮೂವತ್ತೂ ನಮ್ಮ ಹಿಂಡಣ್ಣನ ಗಂಟಲಲ್ಲಿದ್ದವು — ಆ ಹೆಸರು ಬಂದಿದ್ದೇ ಅದಕ್ಕೆ. ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ತಗಡಿನ ಬಕೆಟ್ಟನ್ನು ಹೀಗೆ ಬಾಯಿಗೆ ಹಿಡಿದು — ಮರಿ ಬೇರೆ, ತಾಯಿ ಬೇರೆ, ನೆಗಡಿಯಾದ ಹೋತ ಬೇರೆ! ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಹಿಂಡಣ್ಣ ಕೂಗದ ಆಡಿರಲಿಲ್ಲ. ಆ ಹೋತ ಸೀನಿದರೆ ಜನ ಬಿದ್ದು ಬಿದ್ದು ನಗೋರು.

ನನಗೆ ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚು. ಕೊನೆಯ ಪ್ರದರ್ಶನದ ದಿನ ಬಣ್ಣ ಹಚ್ಚಿಕೊಳ್ಳುತ್ತಾ ಅಂದೆ, "ಅಣ್ಣ, ನಿನ್ನ ಆಡುಗಳು ನನ್ನ ಮಾತನ್ನೆಲ್ಲ ಮೇಯ್ತಾವೆ. ಇವತ್ತಾದ್ರೂ ಅವುಗಳ ಬಾಯಿ ಕಟ್ಟು."

"ಅವಕ್ಕೂ ಹಸಿವು ಕಣೋ, ಏನ್ ಮಾಡ್ಲಿ?" ಅಂದರು. ಅಷ್ಟೇ ನಮ್ಮ ಕೊನೆಯ ಮಾತು.

ಎರಡನೇ ಅಂಕ. ಹಿಂಡನ್ನು ಕರೆದೆ — ಸದ್ದಿಲ್ಲ. ಮತ್ತೆ ಕರೆದೆ — ಸದ್ದಿಲ್ಲ. ಹಿಂಡಣ್ಣ ನನ್ನ ಮಾತಿಗೆ ಮುನಿಸಿಕೊಂಡಿದ್ದಾರೆ ಅಂದುಕೊಂಡೆ. ನಾನು ಸೋಲಬಾರದಲ್ಲ! "ಏನ್ರೇ, ಎಲ್ಲರದ್ದೂ ಮೌನವ್ರತಾನಾ? ಮಾವ ಸೊಪ್ಪಿನ ಲಂಚ ಕೊಟ್ನಾ?" ಅಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಹೇಳಿದೆ. ಮತ್ತೊಂದು. ನಾಲ್ಕೈದು ನಿಮಿಷ — ಅಷ್ಟು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಲೇ ಇಲ್ಲ. ಮೂರು ಹೆಜ್ಜೆ ಆಚೆ ಅವರು ಗೋಡೆಗೆ ಒರಗಿ ಕುಸಿದಿದ್ದರು.

ಅತ್ತಿಗೆ — ಅಣ್ಣನ ಜೀವ ನಾಟಕ ಮುಗಿದ ಮೇಲೆ ಹೋಯ್ತು ಅಂತ ನಿಮಗೆ ಹೇಳಿದವನು ನಾನು. ಅದು ಸುಳ್ಳು. ಬೇಗ ನೋಡಿದ್ದರೂ ಉಳೀತಿರಲಿಲ್ಲ ಅಂತ ಡಾಕ್ಟರು ಅಂದರು. ಇರಬಹುದು. ಆದರೂ ಆ ಹೊತ್ತಿಗೆ ಕೈ ಹಿಡಿದುಕೊಳ್ಳೋಕೆ ಒಬ್ಬರು ಬೇಕಿತ್ತು. ಹತ್ತಿರದಲ್ಲಿ ನಾನಿದ್ದೆ, ನಗಿಸ್ತಾ ಇದ್ದೆ. ಹತ್ತು ದಿನದಿಂದ ಆ ಸುಳ್ಳನ್ನ ಹೊತ್ತುಕೊಂಡು ತಿರುಗಿದ್ದೇನೆ. ಕ್ಷಮೆ ಕೇಳೋ ಮುಖ ನನಗಿಲ್ಲ. ಬೈಯೋದಿದ್ದರೆ ಆಮೇಲೆ ಬೈಯಿರಿ, ಎಲ್ಲಿಗೂ ಓಡಿಹೋಗಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ. ಅವತ್ತು ಅವರು ಸುಮ್ಮನಾದಾಗ ನಾನು ಸುಮ್ಮನಿರಲಿಲ್ಲ — ಇವತ್ತು ಇರ್ತೇನೆ.