ಮೂಳೆಗಿಳಿದ ಸೀಸ

೧೯೯೬ರ ಒಂದು ಬೆಳಿಗ್ಗೆ ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಮೈಸೂರಿನ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ತಮ್ಮ ಸೋಮಯ್ಯ ಮೈಸೂರಿನ ಹೊರಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಒಂಬತ್ತು ವರ್ಷ ದುಡಿದವನೆಂದು ಅವರ ಮಾತಿನಿಂದಲೇ ಗೊತ್ತಾಯಿತು.

“ಎಲ್ಲಿ, ಕೈ ಎತ್ತು ನೋಡನ.”

ಅವನು ಬಲಗೈಯ ಮಣಿಕಟ್ಟನ್ನು ನಿಧಾನವಾಗಿ ಮೇಲೆತ್ತಿದ.

“ಓದ್ವರ್ಸ ಈ ಕೈ ಸತ್ತಂಗೆ ಜೋತಾಡ್ತಿತ್ತಲ್ಲೋ!”

“ಈಗ ನಾನೇ ಮುದ್ದೆ ಮುರ್ಕೊಂಡು ಉಣ್ತೀನಿ ಕಣಕ್ಕ. ರಕ್ತದಲ್ಲಿದ್ದ ಸೀಸ ಅರ್ಧಕ್ಕರ್ಧ ಇಳ್ದದಂತೆ.”

“ಪೂರ್ತಿ ಯಾಕೋಗ್ನಿಲ್ಲ?”

“ಮೂಳೆ ಒಳಗೆ ಓಗಿ ಕುಂತ್ಬುಟ್ಟದಂತೆ. ವರ್ಸಗಟ್ಲೆ ಒಸಿ ಒಸಿಯಾಗಿ ಈಚೆಗೆ ಬತ್ತದಂತೆ. ತಿರುಗ ಆ ಕೆಲ್ಸಕ್ಕೆ ಮಾತ್ರ ಓಗ್ಬ್ಯಾಡ ಅಂದ್ರು ಡಾಕ್ಟ್ರು.”

“ಓದ್ರೆ ನಾನೇ ಕಾಲ್ ಮುರೀತೀನಿ.”

ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ.

“ಶೆಡ್ಡಿನಲ್ಲಿ ಇನ್ನೂ ದುಡೀತಾವ್ರಲ್ಲ ಇಂದಿನ್ ಸ್ಟೇಷನ್ ಊರೋರು, ಅವ್ರನ್ನೂ ಇವತ್ತು ಇದೇ ರೈಲ್ಗೆ ಬನ್ನಿ, ನನ್ ಜೊತೆ ಆಸ್ಪತ್ರೇಲಿ ರಕ್ತ ತೋರ್ಸನ ಅಂದಿವ್ನಿ.”

“ಯಜಮಾನ ಸುಮ್ಕಿದ್ದಾನಾ?”

“ಶೆಡ್ಡು ಅವನ್ದು. ಮೂಳೆ ನಮ್ದಲ್ವಾ ಅಕ್ಕ?”

“ಬತ್ತಾರಾ ಅವ್ರು?”

“ಕೆಲ್ಸ ಓಯ್ತದೆ ಅಂತ ಎದರ್ಕೊತಾವ್ರೆ. ನೋಡ್ಬೇಕು.”

ರೈಲು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಒಂದು ಬಾಗಿಲಿನಿಂದ ಯಾರೋ ಕೂಗಿದರು.

“ಲೇ ಸೋಮ, ಇತ್ಲಾಗ್ ಬಾರ್ಲಾ, ಶೆಡ್ಡಿಗೆ ರಜ ಆಕಿ ಬಂದಿವಿ, ಜಾಗ ಇಡ್ಕೊಂಡಿವಿ!”

ಬಾಗಿಲಲ್ಲಿ ನಾಲ್ಕು ಜನ ಒತ್ತಿಕೊಂಡು ನಿಂತಿದ್ದರು. ಸೋಮಯ್ಯ ಎದ್ದವನು ಒಂದು ಗಳಿಗೆ ಹಾಗೇ ನಿಂತುಬಿಟ್ಟ.

“ನಿಂತ್ಕೊಂಡ್ ಏನ್ ನೋಡ್ತೀಯೋ? ರೈಲು ಅತ್ತು!” ಎಂದು ಅಕ್ಕ ಅವನ ಬೆನ್ನು ನೂಕಿದಳು. ನನ್ನ ಬೋಗಿ ಬೇರೆಯಾಗಿತ್ತು.