ಗಮ್ಮು ಔಷಧಿಯಲ್ಲ

‘ಔಸ್ದಿ ಒಡ್ದಿಲ್ಲ ಸಾ, ಬರೀ ಗಮ್ಮು’... ಹೀಗೇ ಅಂದರೋ, ಅದಕ್ಕೆ ಮೊದಲು ಇನ್ನೇನಾದರೂ ಅಂದಿದ್ದರೋ, ಮರೆತಿದ್ದೇನೆ. ವೇದಿಕೆ ಹತ್ತುವಾಗಿನಿಂದ ತಲೆಯಲ್ಲಿದ್ದ ಮಾತು ಸಂಬೋಧನೆಗಿಂತ ಮೊದಲೇ ಹೊರಬಿತ್ತು. ಕ್ಷಮಿಸಿ. ನರಸೀಪುರದ ಪಾಲಿಹೌಸ್ ತರಕಾರಿ ಬೆಳೆಗಾರರ ಸಂಘದ ಅಧ್ಯಕ್ಷರಾದ ರಂಗಸ್ವಾಮಿಯವರೇ, ಗಣ್ಯರೇ, ಬರುತ್ತೇನೆಂದೂ ಬರುವುದಿಲ್ಲವೆಂದೂ ಹೇಳದೆ ಇನ್ನೂ ಬಂದಿರದ ನನ್ನ ಪತ್ನಿ ಇಂದ್ರಾಣಿಯೇ, ಸಭಿಕರೇ,

ಕಾರ್ಯದರ್ಶಿ ನಾಗೇಂದ್ರ ನನ್ನನ್ನು ‘ತರಕಾರಿ ಡಾಕ್ಟರ್’ ಎಂದು ಪರಿಚಯಿಸಿದರು. ಡಾಕ್ಟರು ರೋಗಿಯನ್ನು ಉಳಿಸುತ್ತಾರೆ. ನಾನು ರುಬ್ಬುತ್ತೇನೆ. ನಿಮ್ಮ ದಪ್ಪ ಮೆಣಸಿನಕಾಯಿಯನ್ನು ಮೈಸೂರಿನ ಲ್ಯಾಬಿಗೆ ಒಯ್ದು, ರುಬ್ಬಿ, ಸೋಸಿ, ಸಿಂಪಡಿಸಿದ್ದರಲ್ಲಿ ಏನು ಉಳಿದಿದೆ ಎಂದು ನೋಡುವುದು ನನ್ನ ಕೆಲಸ.

ಹೋದ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಹೆಮ್ಮಿಗೆಯ ಮಂಗಳಮ್ಮನವರ ಕಾಯಿಯಲ್ಲಿ ಕೀಟನಾಶಕ ಇರಲಿಲ್ಲ. ಆದರೆ ಕೀಟನಾಶಕವನ್ನು ಎಲೆಗೆ ಅಂಟಿಸಲು ಬೆರೆಸುವ ದ್ರವ, ನೀವು ಗಮ್ಮು ಅನ್ನುವುದು, ಢಾಳಾಗಿ ಇತ್ತು. ಔಷಧಿ ಹೊಡೆದಿದ್ದೀರಾ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಇಲ್ಲ ಎಂದರು, ನಾನು ಶುರುವಿಗೇ ಹೇಳಿದ ಆ ಮಾತಿನಲ್ಲಿ. ಸುಳ್ಳೇ? ಅಲ್ಲ. ಇಲ್ಲಿ ಔಷಧಿ ಎಂದರೆ ಹುಳ ಸಾಯಿಸುವಂಥದ್ದು. ಗಮ್ಮು ಯಾರನ್ನು ಸಾಯಿಸುತ್ತದೆ? ಕಾಯಿ ಮಿಂಚಲೆಂದು ಬರೀ ಗಮ್ಮು ಹೊಡೆದಿದ್ದರು.

‘ಮಳೆ ಬಂದ್ರೆ ಒಂಟೋಯ್ತದೆ ಬುಡಿ ಸಾ’ ಎಂದರು ಅವರ ಯಜಮಾನರು ಪುಟ್ಟಬಸವಯ್ಯ.

‘ಪಾಲಿಹೌಸೊಳಕ್ಕೆ ಯಾವ್ ಮಳೆ ಬಂದದು, ನಿಮ್ಮಪ್ಪನ್ ಮಳೆಯಾ?’ ಎಂದರು ಮಂಗಳಮ್ಮ.

ಅಂದಿನಿಂದ ನಾವು ಪ್ರಶ್ನೆ ಬದಲಿಸಿದೆವು. ಔಷಧಿ ಹೊಡೆದಿರಾ ಎಂದಲ್ಲ, ಗಿಡಕ್ಕೆ ಏನೇನು ಎರಚಿದಿರಿ ಎಂದು. ಪುಟ್ಟಬಸವಯ್ಯನವರ ಉತ್ತರ: ‘ನೀರು, ಗಮ್ಮು, ಬೇವಿನೆಣ್ಣೆ, ಇವ್ಳು ಕ್ವಾಪ ಬಂದಾಗ ಬಯ್ಯೋ ಮಾತು.’ ಕೊನೆಯದಕ್ಕೆ ನಮ್ಮಲ್ಲಿ ಇನ್ನೂ ಪರೀಕ್ಷೆ ಬಂದಿಲ್ಲ.

ಈ ಪ್ರಶ್ನೆಗೇ ಇಂದಿನ ಶಾಲು. ಆದರೆ ಪ್ರಶ್ನೆ ಕೇಳುವ ಚಾಳಿ ಮನೆಗೂ ಬಂತು. ಪಲ್ಯ ಬಡಿಸಿದರೆ, ಎಲ್ಲಿ ತಂದೆ, ತೊಳೆದೆಯಾ, ಎಷ್ಟು ನೀರಲ್ಲಿ? ‘ನಿಮ್ಮ ಬಾಯಿಗೆ ರುಚಿ ಬೇಡ ಕಣ್ರೀ, ರಿಪೋರ್ಟು ಬೇಕು’ ಎಂದಳು ಇಂದ್ರಾಣಿ. ತಮಾಷೆಯ ಮಾತು. ಅನೇಕ ಸಭೆಗಳಲ್ಲಿ ಹೇಳಿ ನಗಿಸಿದ್ದೇನೆ. ಬೇಜಾರಾ ಎಂದು ಕೇಳಿದರೆ ಬೇಜಾರಿಲ್ಲ ಎನ್ನುತ್ತಿದ್ದಳು. ಅದೂ ಸುಳ್ಳಲ್ಲ. ದೀಪಾವಳಿಗೆಂದು ನಂಜನಗೂಡಿನ ಅಕ್ಕನ ಮನೆಗೆ ಹೋದವಳು ಅಲ್ಲೇ ಇದ್ದಾಳೆ. ಜಗಳವಾಗಿಲ್ಲ. ಸಭಿಕರೇ, ಜಗಳವಾಗಿದ್ದರೆ ಎಷ್ಟು ಸುಲಭವಿತ್ತು! ಯಾವುದಕ್ಕೆ ಎಂದಾದರೂ ತಿಳಿಯುತ್ತಿತ್ತು.

ನಿನ್ನೆ ಫೋನ್ ಮಾಡಿ, ಸನ್ಮಾನವಿದೆ, ಬಾ ಎಂದೆ.

‘ಯಾತಕ್ಕಂತೆ ಸನ್ಮಾನ?’

‘ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ.’

ಅವಳು ಬಹಳ ಹೊತ್ತು ನಕ್ಕಳು. ಆ ನಗು ಯಾವ ಬಗೆಯದು ಎಂದು ಹೇಳುವ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ.

ಎಲ್ಲಿದ್ದೆ? ಹೌದು, ವಂದನೆಗಳು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇಂದ್ರಾಣಿ ಇನ್ನೂ ಬಂದಿಲ್ಲ. ಇಲ್ಲಿಂದ ಮೈಸೂರಿನ ಮನೆಗೂ ಬಸ್ಸಿದೆ, ನಂಜನಗೂಡಿಗೂ ಬಸ್ಸಿದೆ. ಶಾಲು ಹೊದಿಸಿದವರಿಗೆ, ಸಾವಧಾನವಾಗಿ ಕೇಳಿದ ನಿಮಗೆ ನಾನು ಋಣಿ. ನಮಸ್ಕಾರ.

ಇಂದ್ರಾಣಿ, ಏನು ಬಡಿಸಿದರೂ ಸುಮ್ಮನೆ ಉಣ್ಣುತ್ತೇನೆ. ಇವತ್ತು ಊಟಕ್ಕೆ ಬರಲೇ?