ತಿರುವಿನ ದೀಪ

ಶನಿವಾರ ಬೆಳಿಗ್ಗೆ ಆಸ್ತ್ರೋಸ್ ಊರಿನ ಬ್ರೆಡ್ ಅಂಗಡಿಯ ಸಾಲಿನಲ್ಲಿ ಒಬ್ಬ ಗಂಡ, ಹೆಂಡತಿ ನನ್ನ ಮುಂದೆ ನಿಂತಿದ್ದರು. ಕಾರಿನ ಕೀಲಿ ಹೆಂಡತಿಯ ಬೆರಳಿನಲ್ಲಿತ್ತು.

“ಈ ಸಲ ಸಮುದ್ರದ ದಾರೀಲಿ ಹೋಗೋಣ, ಸ್ತಮಾತಿ” ಎಂದಳು ಹೆಂಡತಿ.

“ಬೆಟ್ಟದ ದಾರಿ ಚೆನ್ನಾಗಿದೆ ಕಣೇ. ನೆರಳಿದೆ, ಚೆರಿ ಮರ ಇದೆ.”

“ಹೂ ಬಿಟ್ಟಾಗಿಂದ ವಾರವಾರ ಅದೇ ಮರ ನೋಡ್ತಿದೀನಿ. ಈಗ ಹಣ್ಣೂ ಮುಗೀತು.”

“ಸಮುದ್ರ ಎಲ್ಲಿಗೂ ಓಡಿಹೋಗಲ್ಲ.”

“ಆ ದಾರಿ ಬದೀಲಿರೋ ನಿನ್ನ ಪುಟ್ಟ ಗುಡೀನೂ ಓಡಿಹೋಗಲ್ಲ. ನಿನಗೆ ಅಪಘಾತ ಆದ ತಿರುವಲ್ಲೇ ನಿಂತಿದೆ.”

ಗಂಡ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.

“ಮಗ ಉಳಿದ ಅಂತ ನಿಮ್ಮಮ್ಮ ಇಡಿಸಿದ್ದು. ಈಗ ಅವರಿಗೆ ಮಂಡಿ ನೋವು. ದೀಪ ಆರಿದೆಯಂತೆ.”

“ಆರಲಿ ಬಿಡು.”

“ದಾರೀಲಿ ಹೋಗೋರು ನೀನು ಅಲ್ಲೇ ಸತ್ತೆ ಅಂದ್ಕೊಂಡು ಶಿಲುಬೆ ಗುರುತು ಮಾಡ್ಕೋತಾರೆ.”

“ಮಾಡ್ಕೊಳ್ಳಲಿ. ಪುಕ್ಕಟೆ ಪ್ರಾರ್ಥನೆ.”

“ಬದುಕಿರೋನಿಗಾ?”

ಅಂಗಡಿಯಾಕೆ ಬಗ್ಗಿ ಬ್ರೆಡ್ ಜೋಡಿಸತೊಡಗಿದಳು, ನಗು ಕಾಣಬಾರದೆಂದು.

“ಆ ತಿರುವಲ್ಲಿ ಸ್ಟಿಯರಿಂಗ್ ಹಿಡಿಯೋಕೆ ನನ್ನಿಂದ ಈಗ್ಲೂ ಆಗಲ್ಲ, ಎವಾಂಥಿಯಾ.”

“ಹಿಡೀಬೇಡ. ಓಡಿಸೋಳು ನಾನು. ನೀನು ಇಳಿದು ಬತ್ತಿ ಹಚ್ಚಿದ್ರೆ ಸಾಕು.”

ಅವರ ಸರದಿ ಬಂತು. ಹೆಂಡತಿ ಒಂದು ಬ್ರೆಡ್ ಕೇಳಿದಳು. ಗಂಡ, “ಒಂದು ಸಣ್ಣ ಬಾಟಲಿ ಆಲಿವ್ ಎಣ್ಣೆಯನ್ನೂ ಕೊಡಿ” ಎಂದ.

“ಬೇಡ” ಎಂದಳು ಹೆಂಡತಿ. “ಎಣ್ಣೆ ಕಾರಲ್ಲಿದೆ.”

“ಯಾವಾಗ ತಂದಿಟ್ಟೆ?”

“ಚೆರಿ ಹೂ ಬಿಟ್ಟಾಗ.”

ಬ್ರೆಡ್ ಅವನ ಕೈಗೆ ಕೊಟ್ಟು ಅವಳು ಮುಂದೆ ನಡೆದಳು. ಅವರ ಕಾರು ಸಮುದ್ರದ ಕಡೆಗೆ ತಿರುಗಿತು.